ಒಂದು ಕಿವಿ ಕಥೆಗೆ, ಒಂದು ಕಿವಿ ಗಾಡಿಗೆ

ನಮ್ಮ ಓನರ್ ಆಂಟಿಯ ಎಡಗಿವಿಯಲ್ಲಿ ಇಯರ್‌ಫೋನಿನ ಒಂದು ತುದಿ ಸದಾ ಇರುತ್ತಿತ್ತು. ಇನ್ನೊಂದು ತುದಿ ಕೊರಳ ಸರದೊಂದಿಗೆ ಸಿಕ್ಕು ಹಾಕಿಕೊಂಡು ಎದೆಯ ಮೇಲೆ ತೂಗಾಡುತ್ತಿತ್ತು. ಅವರು ಸೊಪ್ಪು ಬಿಡಿಸುವಾಗ ಹತ್ತಿರ ಕೂತರೆ ಅದರೊಳಗಿಂದ ಯಾರೋ ಪಿಸುಗುಟ್ಟಿದಂತೆ ಕೇಳಿಸುತ್ತಿತ್ತು. ಅತ್ತಿಗುಪ್ಪೆಯ ಆ ಮನೆಯ ಮಹಡಿಗೆ ಬಾಡಿಗೆಗೆ ಬಂದ ಹೊಸದರಲ್ಲಿ ನಾನು, "ಎರಡೂ ಕಿವಿಗೆ ಹಾಕ್ಕೊಳ್ಳಿ ಆಂಟಿ, ಚೆನ್ನಾಗಿ ಕೇಳುತ್ತೆ" ಎಂದಿದ್ದೆ.

"ಒಂದು ಕಿವಿ ಕಥೆಗೆ, ಒಂದು ಕಿವಿ ಕುಕ್ಕರಿಗೆ ಕಣಮ್ಮ" ಎಂದು ನಕ್ಕಿದ್ದರು.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಒಂದು ಕಿವಿಗೆ ಹೆಡ್‌ಫೋನ್, ಇನ್ನೊಂದು ಪಕ್ಕದವಳ ಹರಟೆಗೆ ಎಂಬುದು ಅಲ್ಲಿಂದ ಬಂದ ಅಭ್ಯಾಸ. ಅವರ ಮಗಳು ಫೋನಿನಲ್ಲಿ ಪಾಡ್‌ಕಾಸ್ಟ್ ಕೇಳುವುದನ್ನು ಕಲಿಸಿಕೊಟ್ಟ ಮೇಲೆ ಅವರಿಗೆ ಟಿವಿ ಸಪ್ಪೆಯಾಯಿತು. ದೆವ್ವದ ಕಥೆ, ರಾಜರ ಕಥೆ, ಜೇನುಹುಳದ ಸಂಸಾರ, ಎಲ್ಲವೂ ಬೇಕು.

ರಜೆ ಹತ್ತಿರ ಬಂತೆಂದರೆ ಬೀದಿಯವರೆಲ್ಲ ಅವರ ಗೇಟಿನ ಹತ್ತಿರ ನಿಲ್ಲುತ್ತಿದ್ದರು. "ಆಂಟಿ, ಊರಿಗೆ ಹೋಗ್ತಾ ಇದೀವಿ, ದಾರೀಲಿ ಕೇಳೋಕೆ ಏನಾದ್ರೂ ಹೇಳಿ." ಅವರು ತಕ್ಷಣ ಹೇಳುತ್ತಿರಲಿಲ್ಲ. ಬಸ್ಸೋ, ರೈಲೋ, ಕಾರೋ? ಮಕ್ಕಳಿದ್ದಾರಾ? ಕಾರಾದರೆ ಓಡಿಸುವವರು ಯಾರು, ಅವರಿಗೆ ಏನಿಷ್ಟ? ಘಾಟಿ ಹತ್ತುವವರಿಗೆ ದೆವ್ವದ ಕಥೆ ಕೊಡುತ್ತಿರಲಿಲ್ಲ. ಹೊಸದಾಗಿ ಮದುವೆಯಾಗಿ ಊಟಿಗೆ ಹೊರಟಿದ್ದ ಎದುರುಮನೆ ಜೋಡಿಗೆ, "ನಿಮಗ್ಯಾಕ್ರೋ ಪಾಡ್‌ಕಾಸ್ಟು? ಸುಮ್ನೆ ಮಾತಾಡ್ಕೊಂಡು ಹೋಗಿ" ಎಂದು ಗದರಿ ಕಳಿಸಿದ್ದರು.

ಅವರ ಜೊತೆ ಪ್ರಯಾಣ ಮಾಡುವುದು ಮಾತ್ರ ಒಂದು ಪರೀಕ್ಷೆ. ಕಥೆ ಬಿಗಿಯಾಗುವ ಜಾಗದಲ್ಲಿ ಪಟ್ಟನೆ ನಿಲ್ಲಿಸಿ, "ಮುಂದೇನಾಗುತ್ತೆ, ಹೇಳಿ ನೋಡೋಣ" ಎನ್ನುತ್ತಿದ್ದರು. ಮೊದಲ ಸರದಿ ಯಾವಾಗಲೂ ಡ್ರೈವರ್‌ನದು. ಅವನು ಹೇಳುವ ತನಕ ಕಥೆ ಮುಂದೆ ಹೋಗದು.

ಕಳೆದ ದಸರಾ ರಜೆಗೆ ನಾವು ಮೂವರು, ನಾನು, ನನ್ನ ಗಂಡ, ಮಗಳು, ಬೇಲೂರಿಗೆ ಟ್ಯಾಕ್ಸಿ ಮಾಡಿಕೊಂಡು ಹೊರಟಾಗ ಆಂಟಿಯನ್ನೂ ಕರೆದುಕೊಂಡೆವು. ಹೋಗುವಾಗ ಸ್ಪೀಕರಿನಲ್ಲಿ ಒಂದು ಕಳ್ಳತನದ ಕಥೆ. ಎಲ್ಲರಿಗಿಂತ ಹುರುಪು ಡ್ರೈವರ್‌ಗೇ. "ಅಳಿಯನೇ ಕಣಮ್ಮ ಕಳ್ಳ, ಬರೆದಿಟ್ಕೊಳ್ಳಿ" ಎಂದು ಸ್ಟಿಯರಿಂಗ್ ತಟ್ಟಿದ.

"ಅಳಿಯ ಅಂದ್ರೆ ಅಷ್ಟೊಂದು ಕೋಪನಾ? ನಿಮ್ಮನೇಲಿ ಅಳಿಯ ಇದಾರಾ?" ಆಂಟಿ ಕೇಳಿದರು.

"ನಾನೇ ಮನೆ ಅಳಿಯ, ಅದಕ್ಕೇ ಹೇಳ್ದೆ."

ಎಲ್ಲರೂ ನಕ್ಕೆವು. ಕಳ್ಳ ಯಾರೆಂದು ತಿಳಿಯುವ ಮೊದಲೇ ಬೇಲೂರು ಬಂತು.

ವಾಪಸ್ ಬರುವಾಗ ಹೊಟ್ಟೆ ತುಂಬ ಊಟವಾಗಿತ್ತು. ಮುಂದಿನ ಸೀಟಿನಿಂದ ನನ್ನ ಗಂಡ ತಿರುಗಿ, "ಆಂಟಿ, ಈಗ ಪರೀಕ್ಷೆ ಬೇಡ. ಅವರವರದ್ದು ಅವರವರು ಕೇಳ್ಕೊಳ್ಳೋಣ" ಎಂದರು. ಆಂಟಿ, "ಆಯ್ತಪ್ಪ" ಎಂದರು. ಗಂಡ, ಮಗಳು ಇಬ್ಬರೂ ಇಯರ್‌ಫೋನ್ ಹಾಕಿಕೊಂಡೇ ನಿದ್ದೆ ಹೋದರು. ನಾನು ಹೊರಗಿನ ಸದ್ದು ಒಳಗೆ ಬಿಡದ ದೊಡ್ಡ ಹೆಡ್‌ಫೋನ್ ಹಾಕಿಕೊಂಡು, ಆಂಟಿಯೇ ಹೇಳಿದ್ದ ಜೇನುಹುಳದ ಕಂತು ಕೇಳುತ್ತಿದ್ದೆ.

ಮುಂದೆ ಆದದ್ದೆಲ್ಲ ನನಗೆ ಸದ್ದಿಲ್ಲದೆ ನೆನಪಿದೆ. ಡ್ರೈವರ್‌ನ ಹಿಂದೆ ಕೂತಿದ್ದ ಆಂಟಿ ಮುಂದಕ್ಕೆ ಬಾಗಿ ಏನೋ ಕೇಳಿದರು. ತುಟಿ ಅಲ್ಲಾಡಿತು. ಮತ್ತೊಮ್ಮೆ ಕೇಳಿದರು. ಗಾಜಿನಾಚೆ ರಸ್ತೆಬದಿಯಲ್ಲಿ ನಿಂತಿದ್ದ ಹುಲ್ಲಿನ ಲಾರಿಯ ಬೆನ್ನು ದೊಡ್ಡದಾಗುತ್ತಾ ಬಂತು. ಆಂಟಿ ಕೈಲಿದ್ದ ಸ್ಟೀಲ್ ಬಾಟಲಿಯಿಂದ ಅವನ ಭುಜಕ್ಕೆ ಬಡಿದರು. ಕಾರು ಬಲಕ್ಕೆ ಎಗರಿತು. ಕಿಟಕಿಗೆ ಹುಲ್ಲು ಸವರಿಕೊಂಡು ಹೋಯಿತು. ನನ್ನ ಕಿವಿಯಲ್ಲಿ ಹೆಣ್ಣುದನಿಯೊಂದು, ರಾಣಿಜೇನು ಗೂಡು ಬಿಡುವ ಹೊತ್ತು ಎಂದು ನಿಧಾನವಾಗಿ ಹೇಳುತ್ತಲೇ ಇತ್ತು.

ಕಾರು ನಿಂತ ಮೇಲೆ ಡ್ರೈವರ್ ಅತ್ತುಬಿಟ್ಟ. ಹಿಂದಿನ ರಾತ್ರಿ ಹೆಂಡತಿಗೆ ಜ್ವರ, ನಿದ್ದೆಯಿಲ್ಲದೆ ಆಸ್ಪತ್ರೆಯಲ್ಲೇ ಕೂತಿದ್ದನಂತೆ, ಈಗ ಕಣ್ಣು ಮುಚ್ಚಿಹೋಯಿತಂತೆ. "ಅಳಿಯ ಸಿಕ್ಕಿಬೀಳ್ತಾನಾ ಅಂತ ಕೇಳ್ದೆ. ಮಾತೇ ಇಲ್ಲ. ನೀವು ಅಳಿಯನ ವಿಷಯಕ್ಕೆ ಸುಮ್ನಿರೋರಲ್ವಲ್ಲ!" ಎನ್ನುತ್ತಾ ಆಂಟಿ ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ನಾವು ಹುಣಸೆಮರದ ಕೆಳಗೆ ಕೂತೆವು. ಅವನು ಎದ್ದು ಟೀ ಕುಡಿದ ಮೇಲೆಯೇ ಹೊರಟದ್ದು.

ಆಮೇಲೆ ನನಗೆ ಕಾರು ಎಂದರೆ ಮೈ ಬೆವರತೊಡಗಿತು. ಕೆಲಸಕ್ಕೆ ಮೆಟ್ರೋ ಇತ್ತು, ಸರಿ. ಆದರೆ ಸಂಕ್ರಾಂತಿಗೆ ಮೈಸೂರಿನ ಅಜ್ಜಿ ಮನೆಗೆ ಹೋಗಲು ಮಗಳು ಹಟ ಹಿಡಿದಳು. ಸೊಂಟ ಮುರಿದುಕೊಂಡು ಅಲ್ಲಿ ಮಲಗಿದ್ದ ನನ್ನ ಅಮ್ಮನಿಗೆ ಕೊಂಡಿದ್ದ ವಾಕರ್, ಹಾಸಿಗೆಯನ್ನೆಲ್ಲ ಒಯ್ಯಬೇಕಿತ್ತು, ಕಾರೇ ಆಗಬೇಕು. ನಾನು ಹೋಗದಿದ್ದರೆ ಅಮ್ಮನನ್ನು ನೋಡುವುದೇ ಇಲ್ಲ. ಆದರೂ ಆಗುವುದಿಲ್ಲ ಎಂದುಬಿಟ್ಟೆ.

ಆಂಟಿ ನನ್ನನ್ನು ಕೇಳದೆ ಟ್ಯಾಕ್ಸಿಗೆ ಹೇಳಿದರು, ಅದೇ ಡ್ರೈವರ್‌ಗೆ.

"ಅವನೇನಾ ಆಂಟಿ?"

"ಅವನಷ್ಟು ಎಚ್ಚರವಾಗಿರೋ ಡ್ರೈವರ್ ಈಗ ಇಡೀ ಬೆಂಗಳೂರಲ್ಲಿ ಸಿಗಲ್ಲ ಕಣೇ. ನನ್ನನ್ನ ಕೆಂಗೇರೀಲಿ ಮಗಳ ಮನೆಗೆ ಬಿಟ್ಬಿಡು. ಅಲ್ಲಿ ತನಕ ಜೊತೇಲಿರ್ತೀನಿ."

ಹಾಗೆ ಹತ್ತಿದೆ. ಗಾಡಿ ಮೈಸೂರು ರಸ್ತೆಗೆ ಸೇರಿತು. ಸ್ಪೀಕರಿನಲ್ಲಿ ಕಾಣೆಯಾದ ಆನೆಯೊಂದರ ಕಥೆ. ನಾನು ಮುಂದಿನ ಸೀಟಿನ ಬೆನ್ನನ್ನು ಗಟ್ಟಿಯಾಗಿ ಹಿಡಿದು ಕೂತಿದ್ದೆ. ಕೆಂಗೇರಿಯಲ್ಲಿ, ಮಾವುತ ಕಾಡಿನೊಳಗೆ ಕಾಲಿಡುವಷ್ಟರಲ್ಲಿ ಆಂಟಿ ಕಥೆ ನಿಲ್ಲಿಸಿ, ಫೋನನ್ನು ಬ್ಯಾಗಿಗೆ ಹಾಕಿಕೊಂಡು ಇಳಿದೇಬಿಟ್ಟರು.

"ಆಂಟಿ, ಉಳಿದದ್ದು?" ಮಗಳು ಕೂಗಿದಳು.

"ವಾಪಸ್ ಬರ್ತಾ ನನ್ನ ಹತ್ತಿಸ್ಕೊಳ್ಳಿ, ಆಗ ಹಾಕ್ತೀನಿ. ಅಲ್ಲಿ ತನಕ ಆನೆ ಎಲ್ಲಿದೆ ಅಂತ ಯೋಚ್ನೆ ಮಾಡಿ." ಆಮೇಲೆ ಕಿಟಕಿಗೆ ಬಗ್ಗಿ ನನಗೆ ಮಾತ್ರ ಕೇಳುವಂತೆ, "ಭಯ ಆದಾಗ ಕಣ್ಣು ಮುಚ್ಕೋಬೇಡ. ಅವನನ್ನ ಮಾತಾಡಿಸು" ಎಂದರು.

ಬಿಡದಿ ದಾಟಿದೆವು. ಮುಂದೆ ಒಂದು ಲಾರಿ ಕಂಡಿತು. ಅದರ ಬೆನ್ನು ದೊಡ್ಡದಾಗತೊಡಗಿತು. ನಾನು ಮುಂದಕ್ಕೆ ಬಾಗಿದೆ.

"ಅಣ್ಣ, ಆನೆ ಎಲ್ಲಿರಬಹುದು?"

"ಮಾವುತನ ಮನೆ ಹಿಂದೇನೇ ಇರುತ್ತೆ ಅಕ್ಕ. ಅವನ ಅಳಿಯ ಕಟ್ಟಿರ್ತಾನೆ" ಎಂದ ಡ್ರೈವರ್. ಕಾರು ನಿಧಾನವಾಯಿತು, ಲಾರಿಗೆ ದಾರಿ ಬಿಟ್ಟು ಹಿಂದೆ ಉಳಿಯಿತು.

ಆಂಟಿ ಈಗ ಮಗಳ ಜೊತೆ ಕೆಂಗೇರಿಯಲ್ಲೇ ಇದ್ದಾರೆ. ಬೀದಿಯವರು ರಜೆಗೆ ಮುಂಚೆ ನನ್ನ ಬಳಿ ಬರುತ್ತಾರೆ, ನಾನು ಆಂಟಿಗೆ ಫೋನ್ ಮಾಡಿ ಕೇಳಿ ಹೇಳುತ್ತೇನೆ. ಕಾರು ಹತ್ತಿದರೆ ಹುಲ್ಲಿನ ಲಾರಿ ಈಗಲೂ ಕಣ್ಣ ಮುಂದೆ ಬರುತ್ತದೆ, ಜೇನಿನ ಕಥೆ ಹೇಳಿದ ದನಿ ಕಿವಿಯಲ್ಲಿ ಕೇಳುತ್ತದೆ. ಆಗೆಲ್ಲ ಹಿಂದಿನ ಸೀಟಿನಿಂದ ಡ್ರೈವರ್‌ನನ್ನು ಏನಾದರೊಂದು ಕೇಳುತ್ತೇನೆ. ಮುಂದಿನಿಂದ ಉತ್ತರ ಬಂದ ಮೇಲೆ ಸೀಟಿಗೆ ಒರಗುತ್ತೇನೆ.