ಪುಟದಂಚಿನ ಗೌರಾಬಾಯಿ

೧೯೮೬ರ ಜುಲೈ ೧೪, ಸೋಮವಾರ. ಆಧಾರ: ನನ್ನ ದಿನಚರಿ. ಅಲ್ಲಿರುವುದು ಒಂದೇ ಸಾಲು: "ಫ್ಲಾಪಿ ತುಂಬಿತು, ರಾಗಿಯ ಅಂಕಿಗಳು ಉಳಿದವು." ಉಳಿಸಿದವರು, ತುರುಬಿಗೆ ಹೂವಿನ ಬದಲು ಪೆನ್ಸಿಲ್ ಸಿಕ್ಕಿಸಿಕೊಂಡು ಬರುತ್ತಿದ್ದ ಗೌರಾಬಾಯಿ.

ಹೆಬ್ಬಾಳದ ನಮ್ಮ ಸಂಶೋಧನಾ ಕೇಂದ್ರಕ್ಕೆ ಕಂಪ್ಯೂಟರ್ ಬಂದಾಗ ಅದರ ಮುಂದೆ ಕೂರಲು ಆಯ್ಕೆಯಾದವರು ಧಾರವಾಡದಿಂದ ಬಂದು ಯಲಹಂಕದಲ್ಲಿ ನೆಲೆಸಿದ್ದ ಈ ಬೆರಳಚ್ಚುಗಾರ್ತಿ. ಒಂದು ಗುಂಡಿ ಒತ್ತಿದರೆ ಪರದೆಯ ಮೇಲೆಯೇ ಮೂಡುವ ಸಹಾಯಕ್ಕೆ ನಾವು ಕಿರಿಯ ಸಂಶೋಧಕರು ಮಾರುಹೋಗಿದ್ದೆವು. ಅವರಿಗೆ ಅದು ಸಾಲದು.

"ಪರದಿ ಕೇಳಿದಷ್ಟಕ್ಕ ಉತ್ತರಾ ಕೊಡ್ತದ್ರಿ, ಅದೂ ನಮ್ಮ ಕೆಲಸಾ ಮುಚ್ಚಿಟ್ಟು. ಏನ್ ಕೇಳಬೇಕಂತ ಗೊತ್ತಿಲ್ಲದವ್ರು ಏನ್ ಮಾಡಬೇಕ್ರಿ?" ಎನ್ನುತ್ತ ಮುದ್ರಿತ ಕೈಪಿಡಿಯನ್ನು ತೊಡೆಯ ಮೇಲೆ ಬಿಚ್ಚುತ್ತಿದ್ದರು. ಎಡವಿದ ಕಡೆಯಲ್ಲೆಲ್ಲ ಪುಟದಂಚಿನಲ್ಲಿ, ಆಡುವ ಮಾತಿನಲ್ಲೇ, ಎಚ್ಚರಿಕೆ ಬರೆದಿಡುತ್ತಿದ್ದರು.

ಇದ್ದದ್ದು ಒಂದೇ ಪ್ರತಿ. ಅದು ಕೇಂದ್ರದ ಉಗ್ರಾಣ ನೋಡಿಕೊಳ್ಳುತ್ತಿದ್ದ ಕೆಂಪಾಪುರದ ನಂಜಪ್ಪನವರ ವಶದ ಸೊತ್ತು.

"ಸರ್ಕಾರಿ ಪುಸ್ತಕ ಕಣಮ್ಮ. ಇಂಗೆ ಗೀಚಿದ್ರೆ ತಪಾಸಣೆಯೋರಿಗೆ ನಾನೇನ್ ಹೇಳ್ಲಿ?"

"ಗೀಚಿಲ್ರೀ ನಂಜಪ್ಪನವ್ರ, ದಾರಿಗೆ ಗುರುತು ಹಾಕೇನಿ. ನಿಮ್ಮ ಕಪಾಟಿನ್ಯಾಗ ಅದು ಹೊಚ್ಚ ಹೊಸದಾಗೇ ಸತ್ತಿತ್ತು."

ನಂಜಪ್ಪನವರು ನಗಲಿಲ್ಲ, ದೂರು ಕೊಟ್ಟರು. ಪುಸ್ತಕ ಕೆಡಿಸಿದ್ದಕ್ಕೆ ವಿವರಣೆ ಕೇಳಿ ಗೌರಾಬಾಯಿಗೆ ಮೆಮೊ ಬಂತು. ಒಪ್ಪತಕ್ಕ ಉತ್ತರ ಬಾರದಿದ್ದರೆ ಕಂಪ್ಯೂಟರಿನಿಂದ ಬಿಡಿಸಿ ಮತ್ತೆ ಟೈಪ್‌ರೈಟರಿಗೆ ಕಳುಹಿಸುವುದಾಗಿ ಅದರಲ್ಲಿತ್ತು.

ಆ ಸೋಮವಾರ ಬೆಳಗಿನಿಂದ ನಾನು ರಾಗಿ ಇಳುವರಿಯ ಅಂಕಿಗಳನ್ನು ಯಂತ್ರಕ್ಕೆ ಊಡಿಸುತ್ತಿದ್ದೆ. ಮಧ್ಯಾಹ್ನ ವರದಿ ಹೋಗಬೇಕಿತ್ತು. ಉಳಿಸಲು ಹೋದರೆ ಫ್ಲಾಪಿಯಲ್ಲಿ ಜಾಗವಿಲ್ಲ. ಪರದೆಯ ಸಹಾಯ ಕೇಳಿದೆ. ಬೇರೆ ಫ್ಲಾಪಿ ಹಾಕಿ ಎಂದಿತು. ಹಾಕಿದೆ, ಆ ಹೊಸ ಫ್ಲಾಪಿಯನ್ನು ಯಂತ್ರ ಒಪ್ಪಲಿಲ್ಲ. ಹೊಸದನ್ನು ಮೊದಲೇ ಫಾರ್ಮ್ಯಾಟ್ ಮಾಡಿ ಅಣಿಗೊಳಿಸಿರಬೇಕು, ಅದಕ್ಕೆಂದು ಈಗ ಹೊರಬಂದರೆ ಊಡಿಸಿದ್ದೆಲ್ಲ ಅಳಿಯುತ್ತದೆ ಎಂಬುದನ್ನು ಸಹಾಯ ಹೇಳಲಿಲ್ಲ. ನಾನು ಅದನ್ನು ಕೇಳಿರಲೂ ಇಲ್ಲ. ಹೊರಬರುವ ಗುಂಡಿಯ ಮೇಲೆ ನನ್ನ ಬೆರಳಿತ್ತು.

"ಹೊರಗ ಹೋಗಬ್ಯಾಡ್ರಿ. ಹೋದ್ರ ಎಲ್ಲಾ ಹೋತು. ಅಣಿ ಮಾಡಿದ್ದೊಂದು ಫ್ಲಾಪಿ ನನ್ನ ಮೇಜಿನ ಖಾನ್ಯಾಗ ಅದ."

ನನ್ನ ನೆನಪಿನಲ್ಲಿ ಗೌರಾಬಾಯಿ ಕುರ್ಚಿಯ ಹಿಂದೆಯೇ ನಿಂತಿದ್ದಾರೆ. ಖಾನೆ ಎಳೆದೆ, ಫ್ಲಾಪಿ ಅಲ್ಲಿತ್ತು. ಅಂಕಿಗಳು ಒಂದೂ ಬಿಡದೆ ಉಳಿದವು, ವರದಿ ಹೊತ್ತಿಗೆ ಸರಿಯಾಗಿ ಹೋಯಿತು. ಆ ವಾರವೇ ಮೆಮೊ ರದ್ದಾಯಿತು. ಅಂಚಿನ ಬರಹಗಳನ್ನೆಲ್ಲ ಬೆರಳಚ್ಚು ಮಾಡಿಸಿ ಪ್ರತಿ ವಿಭಾಗಕ್ಕೂ ಕಳುಹಿಸುವಂತೆ ನಿರ್ದೇಶಕರು ಆಜ್ಞೆ ಹೊರಡಿಸಿದರು. ನಿವೃತ್ತಿಯವರೆಗೂ ಗೌರಾಬಾಯಿಯಿಂದ ಆ ಪುಸ್ತಕವನ್ನು ಯಾರೂ ವಾಪಸು ಕೇಳಲಿಲ್ಲ.

ಅವರು ಈಗಿಲ್ಲ. ಇದನ್ನು ಬರೆಯುವ ಮುನ್ನ ಕೇಂದ್ರದ ಹಳೆಯ ಕಡತಗಳನ್ನು ನೋಡಿಬಂದೆ. ಹಾಜರಿ ಪುಸ್ತಕದ ಪ್ರಕಾರ ಜುಲೈ ೧೪ರಂದು ಗೌರಾಬಾಯಿ ರಜೆಯಲ್ಲಿ ಧಾರವಾಡಕ್ಕೆ ಹೋಗಿದ್ದರು. ಮೆಮೊದ ಕಡತದಲ್ಲಿ ನಂಜಪ್ಪನವರ ಸಹಿಯುಳ್ಳ ಟಿಪ್ಪಣಿಯಿದೆ: "ದಿನಾಂಕ ೧೪ರಂದು ಫ್ಲಾಪಿ ತುಂಬಿದಾಗ ಅಂಚಿನ ಬರಹವನ್ನು ನಾನೇ ಗಟ್ಟಿಯಾಗಿ ಓದಿ ಹೇಳಿರುತ್ತೇನೆ. ಪುಸ್ತಕ ಕೆಟ್ಟಿರುವುದಿಲ್ಲ. ದೂರನ್ನು ಹಿಂಪಡೆದಿರುತ್ತೇನೆ."