ಹನಾನ್ ಅವರ ಪ್ರಮಾಣವಚನ, ನನ್ನ ಮಗ್ಗಿ

ಗುಡ್ಡವೆಂಬುದೇ ಇಲ್ಲದ ಡಚ್ಚರ ದೇಶದಲ್ಲಿ ನನಗೆ ಏದುಸಿರು ಬಂತು. ಹಾರ್ಲೆಮ್‌ನಲ್ಲಿ ನಮ್ಮ ಮನೆಯಿಂದ ತರಕಾರಿ ಅಂಗಡಿಗೆ ಹೋಗುವಾಗ ಕಾಲುವೆಯ ಮೇಲೊಂದು ಸೇತುವೆ ಸಿಗುತ್ತದೆ. ಏರು ಅಂದರೆ ಅಷ್ಟೇ ಏರು. ಅವತ್ತು ಅದನ್ನೂ ಹತ್ತಲಾಗದೆ ಸೈಕಲ್ಲಿನಿಂದ ಇಳಿದು ಕಂಬಿ ಹಿಡಿದು ನಿಂತೆ.

ಕೊರೋನಾದ ಮೊದಲ ಚಳಿಗಾಲ ಅದು. ಗಂಡ ಶ್ರೀನಿಧಿ ನಮ್ಮ ಹುಯಿಸಾರ್ಟ್‌ಗೆ, ಅಂದರೆ ಫ್ಯಾಮಿಲಿ ಡಾಕ್ಟರಿಗೆ, ಫೋನ್ ಮಾಡಿದ. ಪ್ಯಾರಾಸಿಟಮಾಲ್ ತಗೊಂಡು ಮಲಗಲಿ ಅಂದರು. ಇಲ್ಲಿ ಕಾಲು ಮುರಿದರೂ ಮೊದಲು ಪ್ಯಾರಾಸಿಟಮಾಲೇ ಎಂದು ನಾವು ಕನ್ನಡದವರು ಸೇರಿದಾಗ ನಗುವುದುಂಟು. ಈ ಸಲ ನಗು ಬರಲಿಲ್ಲ.

ಎರಡು ದಿನಕ್ಕೆ ಆಂಬುಲೆನ್ಸ್ ಬಂತು.

ಮಗಳು ಕಿಟಕಿಯಿಂದ ಕೈ ಬೀಸಿದಳು. ನನಗೆ ಕೈ ಎತ್ತಲೂ ಆಗಲಿಲ್ಲ.

ಐಸಿಯು ಮುಟ್ಟದೆ ಬಚಾವಾದೆ. ಆದರೂ ಮೂಗಿಗೆ ಆಕ್ಸಿಜನ್, ಹೊಟ್ಟೆಯ ಮೇಲೆ ಬೋರಲು ಮಲಗುವ ಶಿಕ್ಷೆ, ಬಾತ್‌ರೂಮಿಗೆ ಹೋಗಿ ಬಂದರೆ ಮೈಯೆಲ್ಲ ನಡುಕ. ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಎರಡು ಹಾಸಿಗೆಯ ಕೋಣೆ. ಪಕ್ಕದವರ ಹೆಸರು ಹನಾನ್. ಅರವತ್ತರ ಹತ್ತಿರದ ಹೆಂಗಸು, ಮಲಗಿದ್ದಲ್ಲೂ ಕೂದಲು ನೀಟಾಗಿ ಬಾಚಿಕೊಂಡಿರುತ್ತಿದ್ದರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ, ಸುಸ್ತಾದಾಗ ಸನ್ನೆಯಲ್ಲಿ.

ಉಸಿರು ಸ್ವಲ್ಪ ಹಿಡಿತಕ್ಕೆ ಬಂದದ್ದೇ ತಡ, ನಮ್ಮವರ ಅಭ್ಯಾಸ ಬಿಡುತ್ತದೆಯೇ, ಕೇಳಿಯೇಬಿಟ್ಟೆ: "ನಿಮ್ದು ಯಾವೂರು?"

ಪ್ಯಾಲೆಸ್ಟೀನ್‌ನ ಒಂದು ಹಳ್ಳಿಯ ಹೆಸರು ಹೇಳಿದರು.

"ಹೇಗಿದೆ ಊರು?"

"ನಾನು ನೋಡಿಲ್ಲ. ಅಪ್ಪ ಚಿಕ್ಕ ಹುಡುಗ ಆಗಿದ್ದಾಗ ಬಿಟ್ಟು ಬಂದಿದ್ದು. ನಿರಾಶ್ರಿತರ ಕ್ಯಾಂಪಿನಲ್ಲಿ ಹುಟ್ಟಿದ ಮಕ್ಕಳೂ ಊರು ಕೇಳಿದ್ರೆ ಆ ಹೆಸರೇ ಹೇಳ್ತೀವಿ."

ಅವರು ಹುಟ್ಟಿದ್ದು, ಓದಿದ್ದು ಲೆಬನಾನ್‌ನಲ್ಲಿ. ಸಿವಿಲ್ ಎಂಜಿನಿಯರ್. ಆದರೆ ಪ್ಯಾಲೆಸ್ಟೀನ್ ನಿರಾಶ್ರಿತರಿಗೆ ಅಲ್ಲಿ ಪೌರತ್ವವಿಲ್ಲ, ಎಂಜಿನಿಯರರ ಸಂಘ ಸೇರಿಸಿಕೊಳ್ಳುವುದಿಲ್ಲ, ಸ್ವಂತಕ್ಕೆ ಮನೆ ಕೊಳ್ಳುವಂತಿಲ್ಲ. "ಬೇರೆಯವರ ಮನೆ ಪ್ಲಾನ್ ನಾನು ಹಾಕ್ತಿದ್ದೆ, ಸಹಿ ಇನ್ನೊಬ್ಬರದು" ಅಂದರು. ಇಲ್ಲಿಗೆ ಬಂದ ಮೇಲೆ ಮೊದಲು ಅವರ ರಾಷ್ಟ್ರೀಯತೆ 'ಗೊತ್ತಿಲ್ಲ' ಎಂದು ದಾಖಲಾಗಿತ್ತಂತೆ. ವರ್ಷಗಟ್ಟಲೆ ಓಡಾಡಿದ ಮೇಲೆ 'ಯಾವ ದೇಶದವರೂ ಅಲ್ಲ' ಎಂದಾಯಿತು. ಹಾಗೆ ಆದವರು ಪೌರತ್ವವನ್ನು ಬೇಗ ಕೇಳಬಹುದು. "ನನಗೆ ಅದೇ ಪ್ರಮೋಷನ್" ಎಂದು ನಕ್ಕರು, ನಕ್ಕಿದ್ದಕ್ಕೆ ಕೆಮ್ಮಿದರು. ಡಚ್ ಪಾಸ್‌ಪೋರ್ಟ್ ತೆಗೆದುಕೊಂಡರೆ ಭಾರತದ್ದು ಬಿಡಬೇಕಲ್ಲ ಎಂದು ವರ್ಷಗಳಿಂದ ಮೀನಮೇಷ ಎಣಿಸುತ್ತಿರುವವಳು ನಾನು. ಅವರಿಗೆ ಬಿಡುವುದಕ್ಕೆ ಯಾವ ಪಾಸ್‌ಪೋರ್ಟೂ ಇರಲಿಲ್ಲ.

ಪೌರತ್ವ ಕೊನೆಗೂ ಮಂಜೂರಾಗಿತ್ತು. ಆದರೆ ನಗರಸಭೆಯ ಸಮಾರಂಭಕ್ಕೆ ಹೋಗಿ ಪ್ರಮಾಣ ಮಾಡಿದ ಮೇಲೇ ಅದು ಜಾರಿಗೆ ಬರುವುದು. ಕೊರೋನಾದಿಂದ ಒಮ್ಮೆ ಮುಂದೆ ಹೋಗಿದ್ದ ಸಮಾರಂಭಕ್ಕೆ ಮತ್ತೆ ದಿನ ಗೊತ್ತಾಗಿತ್ತು, ಇವರು ನೋಡಿದರೆ ಇಲ್ಲಿ ಮಲಗಿದ್ದರು.

ಫಿಸಿಯೋಥೆರಪಿಸ್ಟ್ ದಿನಾ ಬಂದು ಒಂದೇ ಉಸಿರಿನಲ್ಲಿ ಎಷ್ಟಾಗುತ್ತೋ ಅಷ್ಟು ಎಣಿಸಿ ಅನ್ನುತ್ತಿದ್ದಳು. ಹನಾನ್ ಎಣಿಸಲು ಒಪ್ಪಲಿಲ್ಲ. ಬದಲಿಗೆ ಪ್ರಮಾಣವಚನ ಹೇಳುತ್ತಿದ್ದರು. ಅದು ಡಚ್ಚಿನ ಒಂದೇ ಉದ್ದನೆಯ ವಾಕ್ಯ, ನಮ್ಮ ಕೋರ್ಟು ಕಾಗದದ ಹಾಗೆ. ಸಂವಿಧಾನ ಎಂಬಲ್ಲಿಗೆ ಬರುವಷ್ಟರಲ್ಲಿ ಉಸಿರು ಮುಗಿಯುತ್ತಿತ್ತು. ನನಗೂ ಹುರುಪು ಬಂದು ಮಗ್ಗಿ ಶುರು ಮಾಡಿದೆ. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು. ಫೋನಿನಲ್ಲಿ ಕೇಳಿಸಿಕೊಂಡ ಶ್ರೀನಿಧಿ ಗಾಬರಿಯಾದ: "ಏನೇ ಇದು, ಆಕ್ಸಿಜನ್ ಕಮ್ಮಿಯಾಗಿ ತಲೆಗೇನಾದ್ರೂ ಹತ್ತಿದ್ಯಾ?" ಹದಿಮೂರರ ಮಗ್ಗಿ ನಡುವೆ ಕೈಕೊಡುತ್ತಿತ್ತು. ಅದಕ್ಕೆ ಮಾತ್ರ ಕೋವಿಡ್ ಕಾರಣವಲ್ಲ.

ಜರ್ಮನಿಯಲ್ಲಿದ್ದ ಹನಾನ್ ಅವರ ಮಗಳು ವಿಡಿಯೋ ಕಾಲ್‌ನಲ್ಲಿ ಬೇಡಿಕೊಂಡಳಂತೆ: ಪೂರ್ತಿ ವಾಕ್ಯ ಅಧಿಕಾರಿಯೇ ಓದುತ್ತಾರೆ ಅಮ್ಮ, ನೀನು ಕೊನೆಯ ನಾಲ್ಕು ಮಾತು ಹೇಳಿದರೆ ಸಾಕು.

"ಸಾಕು, ನಂಗೊತ್ತು" ಅಂದರು ನನ್ನ ಕಡೆ ತಿರುಗಿ. "ಆದ್ರೆ ಇಷ್ಟು ವರ್ಷ ನನ್ನ ಬಗ್ಗೆ ಬೇರೆಯವರೇ ಓದಿ ಹೇಳಿದ್ರು. ಇದನ್ನ ನಾನೇ ಹೇಳ್ತೀನಿ."

ನನ್ನ ಆಕ್ಸಿಜನ್ ಮೊದಲು ತೆಗೆದರು. ಮನೆಗೆ ಬಂದು ಸೋಫಾದಲ್ಲಿ ಬಿದ್ದುಕೊಂಡೆ. ಒಂದು ತಟ್ಟೆ ತೊಳೆದರೆ ಅರ್ಧ ಗಂಟೆ ಮಲಗಬೇಕಿತ್ತು. ಹನಾನ್ ಕೂಡ ಬಿಡುಗಡೆಯಾದರು. ಸಮಾರಂಭದ ಹಿಂದಿನ ದಿನ ಫೋನ್ ಮಾಡಿದರು. ಒಬ್ಬರಿಗೆ ಒಬ್ಬ ಅತಿಥಿ ಮಾತ್ರ, ಮಗಳಿಗೆ ಗಡಿ ದಾಟಿ ಬರಲಾಗುತ್ತಿಲ್ಲ. "ನೀನು ಬಾ. ನನ್ನ ಉಸಿರು ಎಲ್ಲಿ ಕಟ್ಟುತ್ತೆ ಅಂತ ನಿಂಗೊತ್ತು."

ಶ್ರೀನಿಧಿ ಬೇಡವೆಂದ. ಹೋದೆ.

ದೂರ ದೂರ ಹಾಕಿದ ಕುರ್ಚಿಗಳು, ಮಾಸ್ಕ್ ಹಾಕಿದ ಮುಖಗಳು. ಅಧಿಕಾರಿ ಪೂರ್ತಿ ವಾಕ್ಯ ಓದಿದ ಮೇಲೆ ಒಬ್ಬೊಬ್ಬರೂ ಎದ್ದು ಕೊನೆಯ ಮಾತು ಹೇಳಿ ಕೂತರು. ಹನಾನ್ ಎದ್ದು, ಮಾಸ್ಕ್ ಕೆಳಗೆ ಸರಿಸಿ, ಪೂರ್ತಿ ಹೇಳಲು ಅನುಮತಿ ಕೇಳಿದರು. ಅಧಿಕಾರಿ ತಲೆಯಾಡಿಸಿದರು.

ಸಂವಿಧಾನ ದಾಟಿದರು. ಸ್ವಾತಂತ್ರ್ಯ, ಹಕ್ಕು ಎಂಬಲ್ಲಿ ನಿಂತುಹೋಯಿತು.

ತುಟಿ ಬಿಳಿಚಿಕೊಂಡಿತು. ನಾನು ಅರ್ಧ ಎದ್ದೆ. ಅಧಿಕಾರಿ ಸಹಾಯಕ್ಕೆಂದು ಮುಂದಿನ ಪದ ಶುರು ಮಾಡಿದರು. ಹನಾನ್ ಅಂಗೈ ಎತ್ತಿ ಅವರನ್ನು ತಡೆದರು, ನನ್ನನ್ನೂ. ಕುರ್ಚಿಯ ಬೆನ್ನು ಹಿಡಿದು ಆಸ್ಪತ್ರೆಯಲ್ಲಿ ಕಲಿಸಿದಂತೆ ಮೂಗಿನಿಂದ ಎಳೆದರು, ಬಾಯಿಂದ ಬಿಟ್ಟರು, ಮತ್ತೆ ಎಳೆದರು. ನನ್ನ ಮಾಸ್ಕ್ ಕಣ್ಣೀರಿಗೆ ಒದ್ದೆಯಾಗಿತ್ತು. ಎಂಥ ಹೆಂಗಸು ಇವರು ಎಂದುಕೊಂಡೆ.

ನನ್ನ ಕಾಯಿಲೆ ಇನ್ನೂ ಪೂರ್ತಿ ಬಿಟ್ಟಿಲ್ಲ. ಮೆಟ್ಟಿಲು ಹತ್ತುವಾಗ ಈಗಲೂ ನಡುವೆ ನಿಲ್ಲುತ್ತೇನೆ, ಅದಕ್ಕೆ ಈಗ ನಾಚಿಕೆಯಿಲ್ಲ. ನಿಂತವರು ಮುಂದೆ ಹೋಗಬಹುದು ಎಂಬುದನ್ನು ನೋಡಿದ್ದೇನೆ.

ಅವತ್ತು ಹನಾನ್ ನಿಲ್ಲಿಸಿದ ಪದದಿಂದಲೇ ಮತ್ತೆ ಶುರು ಮಾಡಿದರು.