ನೋವಿಗೆ ಅಡ್ಡಗಟ್ಟಿದ ಬರೆ

ಹೋಳೂರಿನ ಅಕ್ಕಯಮ್ಮನಿಗೆ ಮಕ್ಕಳಿರಲಿಲ್ಲ. ಅದನ್ನು ಯಾರಾದರೂ ಕೆದಕಿದರೆ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಡುತ್ತಿದ್ದಳು. ರೇಷ್ಮೆ ಹುಳು ಸಾಕಿ, ಜೊತೆಗೆ ಗಂಡ ಸೊಣ್ಣಪ್ಪನನ್ನೂ ಸಾಕಿ ನಲವತ್ತು ದಾಟಿದ ಹೆಂಗಸು. ಇಬ್ಬರಲ್ಲಿ ಹುಳುಗಳೇ ವಾಸಿ, ಹೇಳಿದ ಹೊತ್ತಿಗೆ ತಿನ್ನುತ್ತವೆ ಎನ್ನುತ್ತಿದ್ದಳು. ಎಪ್ಪತ್ತೆಂಟನೇ ಇಸವಿಯಲ್ಲಿ ಅವರ ತೋಟದ ಹಿಪ್ಪುನೇರಳೆ ಸೊಪ್ಪನ್ನು ಯಾರೋ ಕದ್ದು ಕೊಯ್ಯತೊಡಗಿದರು. ಆಗ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ಅವಳ ತಮ್ಮ ಕಾವಲಿಗಿರಲಿ ಅಂತ ಒಂದು ನಾಯಿಮರಿ ತಂದುಕೊಟ್ಟ. ದೊಡ್ಡ ಜಾತಿಯದು. ಸಿಪಾಯಿ ಅಂತ ಹೆಸರಿಟ್ಟರು.

ಸಿಪಾಯಿ ಬೆಳೆದದ್ದು ನೋಡಬೇಕಿತ್ತು! ಆರೇ ತಿಂಗಳಲ್ಲಿ ಕರುವಿನಷ್ಟಾಯಿತು. ಅಕ್ಕಯಮ್ಮ ಮುದ್ದೆ ಹಿಸುಕಿ ಮಜ್ಜಿಗೆ ಬೆರೆಸಿ ತನ್ನ ಕೈಯಿಂದಲೇ ತಿನ್ನಿಸುತ್ತಿದ್ದಳು. ಒಮ್ಮೆ ಕೂಗಿದರೆ ಸಾಕು, ತೋಟದ ಯಾವ ಮೂಲೆಯಲ್ಲಿದ್ದರೂ ಬಿದ್ದಂಬೀಳ ಬಂದು ಅವಳ ಸೀರೆಗೆಲ್ಲ ಕೆಸರು ಮೆತ್ತುತ್ತಿತ್ತು.

"ಇಷ್ಟು ವರ್ಷದಲ್ಲಿ ನನ್ನ ಒಂದಿನಾನಾದ್ರೂ ಹಿಂಗೆ ಕರ್ದಿದ್ದೀಯೇನೇ?" ಎಂದು ಸೊಣ್ಣಪ್ಪ ರೇಗಿಸುತ್ತಿದ್ದ.

"ನೀನೂ ಬಾಲ ಅಲ್ಲಾಡ್ಸು, ಕರೀತೀನಿ" ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಸಿಪಾಯಿ ಮುಂದಿನ ಬಲಗಾಲು ಊರದೆ ಕುಂಟುತ್ತ ಬಂತು. ಮುಳ್ಳಿಲ್ಲ, ಗಾಯವಿಲ್ಲ, ಊತವಿಲ್ಲ. ಮುಟ್ಟಿದರೆ ಮಾತ್ರ ಕುಂಯ್ ಎನ್ನುತ್ತಿತ್ತು. ಕುಂಟುವ ದನಕ್ಕೆ ಕುಡುಗೋಲು ಕಾಯಿಸಿ ಬರೆ ಹಾಕುವುದು ಆ ಕಡೆಯ ಹಳೆಯ ರೂಢಿ. ಊರಲ್ಲಿ ಆ ಕೆಲಸ ಪೆದ್ದಪ್ಪನದು. ಕೆಟ್ಟವನಲ್ಲ ಪಾಪ, ಕರೆದವರ ಮನೆಗೆ ಊಟ ಬಿಟ್ಟು ಬರುವ ಮುದುಕ. ಅಕ್ಕಯಮ್ಮ ಅವನನ್ನು ಕರೆಸಿದಳು.

"ನೀನು ಹಿಡ್ಕಳಮ್ಮ, ನಿನ್ನ ಮಾತೇ ಅದು ಕೇಳೋದು" ಎಂದ. ಅವಳು ಕರೆದಳು, ಬಂತು. ತೊಡೆಯ ಮೇಲೆ ತಲೆ ಇಟ್ಟುಕೊಂಡು ಬಾಯಿ ಒತ್ತಿ ಹಿಡಿದಳು. ಕೂದಲು ಸುಟ್ಟ ವಾಸನೆ ಎಷ್ಟು ಸ್ನಾನ ಮಾಡಿದರೂ ಅವಳ ಮೂಗು ಬಿಡಲಿಲ್ಲ.

ಕೆಲವು ದಿನಕ್ಕೆ ಆ ಕಾಲು ಸರಿಹೋಯಿತು. ಊರೆಲ್ಲ ಪೆದ್ದಪ್ಪನ ಕೈಗುಣ ಹೊಗಳಿದ್ದೇ ಹೊಗಳಿದ್ದು. ಹೊಗಳಿ ಮುಗಿಯುವ ಮೊದಲೇ ಹಿಂದಿನ ಎಡಗಾಲು ಹಿಡಿಯಿತು! ಮತ್ತೆ ಕುಡುಗೋಲು, ಮತ್ತೆ ಅವಳ ಕರೆ. ಆಗಲೂ ಬಂತು, ಕುಂಟಿಕೊಂಡೇ. ಅದು ವಾಸಿಯಾಗುವಷ್ಟರಲ್ಲಿ ಮುಂದಿನ ಎಡಗಾಲು.

"ನೋವು ಓಡಾಡ್ತಾ ಐತೆ ಕಣಮ್ಮ" ಎಂದ ಪೆದ್ದಪ್ಪ. "ಹಿಂದಿಂದೆ ಓಡಿದ್ರೆ ಸಿಗಲ್ಲ. ಚೆನ್ನಾಗಿರೋ ಕಾಲಿಗೂ ಒಂದು ಹಾಕಿ ಅಡ್ಡಗಟ್ಟಬೇಕು."

ಚೆನ್ನಾಗಿರುವ ಕಾಲಿಗೆ! ಸೊಣ್ಣಪ್ಪ ಬ್ಯಾಡ ಕಣೇ ಎಂದ. "ನೀನು ಸುಮ್ನಿರಯ್ಯ, ನಾಯಿ ಮೂಲೆ ಸೇರಿದ್ ಮೇಲೆ ಅಳ್ತಾ ಕೂರ್ಲಾ?" ಎಂದು ಅವನ ಬಾಯಿ ಮುಚ್ಚಿಸಿದಳು. ಬೇರೆ ದಾರಿ ತಿಳಿದಿದ್ದರೆ ಹಿಡಿಯುತ್ತಿದ್ದಳು, ತಿಳಿದಿರಲಿಲ್ಲ. ಕರೆದಳು. ಸಿಪಾಯಿ ದೂರದಲ್ಲೇ ನಿಂತು ಅವಳ ಮುಖ ನೋಡಿತು, ಪೆದ್ದಪ್ಪನ ಕೈ ನೋಡಿತು. ಎಲ್ಲ ಗೊತ್ತಿದ್ದೂ, ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಬಾಲ ಅಲ್ಲಾಡಿಸುತ್ತ ತೆವಳಿ ಬಂತು. ಅಯ್ಯೋ, ಬರಬಾರದಿತ್ತು ಅದು. ಅವತ್ತು ಎರಡು ಬರೆ ಬಿದ್ದವು.

ಗಾಯ ಕೀವು ಕಟ್ಟಿದಾಗ ಗಂಡಹೆಂಡಿರು ಅದನ್ನು ಎತ್ತಿನಗಾಡಿಯಲ್ಲಿ ಮಲಗಿಸಿಕೊಂಡು ಕೋಲಾರದ ದನದ ಆಸ್ಪತ್ರೆಗೆ ಹೋದರು. ಡಾಕ್ಟರು ಕಾಲಿನ ಮೂಳೆಗಳನ್ನು ಒತ್ತಿ ಒತ್ತಿ ನೋಡಿದರು.

"ಇದು ಬೆಳೆಯೋ ನೋವಮ್ಮ. ದೊಡ್ಡ ಜಾತಿ ಮರಿಗಳಿಗೆ ಬರುತ್ತೆ. ಒಂದು ಕಾಲು ಬಿಟ್ಟು ಇನ್ನೊಂದಕ್ಕೆ ಹೋಗುತ್ತೆ. ಬೆಳವಣಿಗೆ ಮುಗಿಯೋ ಹೊತ್ತಿಗೆ ತಾನಾಗೇ ನಿಲ್ಲುತ್ತೆ."

"ಮತ್ತೆ ಬರೆ ಹಾಕ್ದಾಗ ವಾಸಿ ಆಗಿದ್ದು ಸಾಮಿ?"

"ಹಾಕದಿದ್ರೂ ಆಗ್ತಿತ್ತು."

ಅಕ್ಕಯಮ್ಮ ನಾಲ್ಕೂ ಬರೆಗಳನ್ನು ಒಂದೊಂದಾಗಿ ನೋಡಿದಳು. "ಈಗ ನಾನೇನ್ ಮಾಡ್ಲಿ?" ಎಂದಳು.

"ಗಾಯಕ್ಕೆ ಮುಲಾಮು ಕೊಡ್ತೀನಿ. ನೋವಿದ್ದಾಗ ಜಾಸ್ತಿ ಓಡಾಡೋಕೆ ಬಿಡಬೇಡಿ. ಇನ್ನು ಕಾಯೋದಷ್ಟೆ."

ಕಾಯುವುದು! ಕೈಕಟ್ಟಿ ಕೂತು ಗೊತ್ತೇ ಇರದ ಹೆಂಗಸಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಮುಲಾಮು ಹಚ್ಚಲು ಹೋದರೆ ಸಿಪಾಯಿ ನಡುಗಿ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಕಚ್ಚಿದ್ದರೆ ಅವಳಿಗೆ ಎಷ್ಟೋ ಸಮಾಧಾನ, ಕಚ್ಚಲೂ ಇಲ್ಲ. ಕೊನೆಗೆ ಮುಲಾಮು, ಊಟ ಎಲ್ಲ ಸೊಣ್ಣಪ್ಪನ ಪಾಲಿಗೆ ಬಂತು. ಹಿತ್ತಲಲ್ಲಿ ಅದು ನರಳುವುದು ಕೇಳಿದರೂ ಅವಳು ಹೋಗುವಂತಿರಲಿಲ್ಲ. ಹೋದರೆ ನರಳುತ್ತಲೇ ಎದ್ದು ಜಾಗ ಬದಲಿಸುತ್ತಿತ್ತು. ಗೋಡೆಯ ಈಚೆ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂರುತ್ತಿದ್ದಳು.

ಡಾಕ್ಟರು ಹೇಳಿದಂತೆಯೇ ಆಯಿತು. ಮುಂದಿನ ರಾಗಿ ಕೊಯ್ಲಿನ ಹೊತ್ತಿಗೆ ನೋವು ಪೂರ್ತಿ ಬಿಟ್ಟಿತು. ಒಂದು ಸಂಜೆ ಅಕ್ಕಯಮ್ಮ ಸೊಪ್ಪು ಹೊತ್ತು ತರುವಾಗ ಸಿಪಾಯಿ ಬದುವಿನ ಮೇಲೆ ಮಲಗಿತ್ತು. ತಡೆಯಲಾರದೆ, ಎಷ್ಟೋ ತಿಂಗಳ ಮೇಲೆ, "ಸಿಪಾಯೀ" ಎಂದಳು. ಅದು ಚಂಗನೆ ಎದ್ದು ಓಡಿತು. ಸಾಲು ಹಾರಿತು, ಕಾಲುವೆ ಹಾರಿತು, ಎಲ್ಲೂ ಕುಂಟಲಿಲ್ಲ.

"ನೋಡೇ, ಏನ್ ಓಟ!" ಹಿಂದೆ ಬರುತ್ತಿದ್ದ ಸೊಣ್ಣಪ್ಪ ಖುಷಿಯಿಂದ ಕೂಗಿದ. "ನಾಲ್ಕು ಕಾಲೂ ವಾಸಿ ಆಗವೆ ಕಣೇ!"

"ಹೂಂ ಕಣಯ್ಯ" ಎಂದಳು ಅಕ್ಕಯಮ್ಮ. "ನನ್ನಿಂದ ಓಡಿಹೋಗೋವಷ್ಟು ವಾಸಿ ಆಗವೆ."